ಕೊನೇ ಎರಡು ಅಡಿ

ನಮ್ಮ ಫ್ರೀಜರಿನಲ್ಲಿ ಕಾಯಿತುರಿ ಪ್ಯಾಕೆಟ್ಟಿನ ಹಿಂದೆ ಒಂದು ಸತ್ತ ಬಾತುಕೋಳಿ ಮೂರು ದಿನ ಇತ್ತು. ಪುಕ್ಕ, ಕೊಕ್ಕು, ಕಾಲು ಎಲ್ಲ ಸಮೇತ. ನಾಲ್ಕನೇ ದಿನ ಹೆಂಡತಿ ಒಗ್ಗರಣೆಗೆ ಕರಿಬೇವು ಹುಡುಕುವಾಗ ಅದರ ಕಾಲು ಕೈಗೆ ಸಿಕ್ಕಿತು. ಆಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಈಗ ಗ್ಯಾರೇಜಿನಲ್ಲಿ ಬೇರೆ ಒಂದು ಚಿಕ್ಕ ಫ್ರೀಜರ್ ಇದೆ. ಅದು ನಾಯಿಯದ್ದು.

ನಾಯಿ ಅಂದರೆ ಎಳ್ಳು. ಕರಿ ಲ್ಯಾಬ್ರಡಾರ್, ಹೆಣ್ಣು, ಮೂರು ವರ್ಷ. ಮರಿಯಾಗಿದ್ದಾಗ ಕರಿ ಎಳ್ಳಿನ ಉಂಡೆ ಥರಾನೇ ಇದ್ದಳು, ಅದಕ್ಕೇ ಆ ಹೆಸರು. ಇಲ್ಲಿ ಅಮೆರಿಕದ ಮಿನೆಸೋಟದವರ ಬಾಯಲ್ಲಿ 'ಳ್ಳ' ಹೊರಳುವುದಿಲ್ಲ, ಹಾಗಾಗಿ ಊರಿಗೆಲ್ಲ ಅವಳು 'ಎಲ್ಲೂ'. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಎಪ್ಪತ್ತು ದಾಟಿದೆ, ಹುಡುಗನಾಗಿದ್ದಾಗಿನಿಂದ ಬಾತು ಬೇಟೆಗೆ ಹೋಗುವವರು. ಅವರ ಐದನೇ ಲ್ಯಾಬ್ ಸತ್ತ ವರ್ಷವೇ ನಾವು ಎಳ್ಳುವನ್ನು ತಂದೆವು. ಬೇಲಿಯ ಆಚೆಯಿಂದ ಒಂದು ವಾರ ಸುಮ್ನೆ ನೋಡಿದರು. ಎಂಟನೇ ದಿನ ಈ ನಾಯಿಗೆ ಕೆಲಸ ಕೊಡದಿದ್ದರೆ ನಿಮ್ಮ ಸೋಫಾ ಉಳಿಯಲ್ಲ ಅಂದರು. ಸೋಫಾ ಅಷ್ಟರಲ್ಲೇ ಅರ್ಧ ಹೋಗಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಂದೂಕು ಹಿಡಿಯುವುದಿಲ್ಲ. ಹೊಡೆಯುವವರು ಅಜ್ಜ, ನಾಯಿ ನನ್ನದು. ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಇದೆಲ್ಲ ಅಪರಾಧ, ಅದು ಸರಿಯೂ ಹೌದು. ಹಾಗಾಗಿ ಇದನ್ನು ಓದಿ ಯಾರೂ ಕೆರೆ ಕಡೆ ಹೊರಡಬೇಡಿ. ಅವ್ವನ ತವರು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಹತ್ತಿರ. ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಕೆರೆಯ ಮಾಗಡಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವಲ್ಲ, ಆ ಕೆರೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೊಲಕ್ಕಿಳಿದು ಪೈರು ಮೇಯ್ದರೂ ನಮ್ಮ ಮಾವಂದಿರು ಅವಕ್ಕೆ ಕಲ್ಲು ಬೀಸಿದ್ದನ್ನು ನಾನು ನೋಡಿಲ್ಲ. ಅಂಥ ಊರಿನ ಅವ್ವನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಲ್ಲೋ ತಮ್ಮಾ, ಸತ್ತ ಹಕ್ಕಿ ತರಾಕ ನಾಯಿಗೆ ಸಾಲಿ ಕಲಿಸಾಕತ್ತೀಯೇನು?" ಅಂದಳು.

ಹೌದು, ಸಾಲಿಯೇ. ಆದರೆ ಪಾಠ ಯಾವುದು ಅನ್ನೋದು ನನಗೆ ಎರಡು ವರ್ಷ ತಪ್ಪಾಗಿ ಅರ್ಥವಾಗಿತ್ತು.

ಓಡಿಹೋಗಿ ಎತ್ತಿಕೊಂಡು ಬರುವುದನ್ನು ಲ್ಯಾಬಿಗೆ ಯಾರೂ ಕಲಿಸಬೇಕಿಲ್ಲ, ಅದು ರಕ್ತದಲ್ಲೇ ಇದೆ. ಹೆಸರು ಕೆನಡಾದ ಲ್ಯಾಬ್ರಡಾರ್ ಪ್ರದೇಶದ್ದಾದರೂ ಈ ತಳಿಯ ಮೂಲ ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ಕೆಲಸ ಮಾಡುತ್ತಾ, ತಣ್ಣನೆ ಸಮುದ್ರಕ್ಕೆ ಹಾರಿ ಹಗ್ಗ, ಬಲೆ, ಜಾರಿಹೋದ ಮೀನು ಎಳೆದು ತರುತ್ತಿದ್ದ ನಾಯಿಗಳು ಇವುಗಳ ಮುತ್ತಜ್ಜಂದಿರು. ನಮ್ಮ ಮುಧೋಳ ನಾಯಿಯನ್ನು ನೆನೆಸಿಕೊಳ್ಳಿ. ಅದೂ ಬೇಟೆ ನಾಯಿಯೇ, ಆದರೆ ಅದರ ಕೆಲಸ ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯುವುದು. ಲ್ಯಾಬಿನ ಕೆಲಸ ಶುರುವಾಗುವುದೇ ಹಕ್ಕಿ ಬಿದ್ದ ಮೇಲೆ. ಹಲ್ಲು ನಾಟದ ಹಾಗೆ ಮೆತ್ತಗೆ ಕಚ್ಚಿಕೊಂಡು ಬಂದು ಕೈಗೆ ಕೊಡಬೇಕು. ಕೈಗೆ. ಕಾಲ ಬುಡಕ್ಕಲ್ಲ, ದಡಕ್ಕಲ್ಲ. ನೂರು ಗಜ ಓಡುವುದು ತಾನಾಗೇ ಬರುತ್ತದೆ. ಈ ಕೊನೇ ಎರಡು ಅಡಿ ಮಾತ್ರ ಬರುವುದಿಲ್ಲ.

ಮರಿ ಕೊಳ್ಳುವಾಗ ಅಜ್ಜನ ಸಲಹೆ ಕೇಳುವ ಮೊದಲೇ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಇದೆ, ಅದನ್ನೂ ಬರೆದುಬಿಡುತ್ತೇನೆ. ಲ್ಯಾಬ್‌ಗಳಲ್ಲಿ ಇಐಸಿ ಅಂತ ಒಂದು ತೊಂದರೆ ಇದೆ. ಜೋರಾಗಿ ಹತ್ತು ನಿಮಿಷ ಓಡಿದರೆ ಹಿಂಗಾಲು ಸೋತು ನಾಯಿ ಕುಸಿದುಬಿಡುತ್ತದೆ, ಕೆಲವು ಸತ್ತೂ ಹೋಗುತ್ತವೆ. ನೀರಿನ ಮಧ್ಯೆ ಹಾಗಾದರೆ ಕಥೆ ಮುಗಿಯಿತು. ಇದಕ್ಕೆ ಕಾರಣವಾದ ಜೀನ್ ಕಂಡುಹಿಡಿದದ್ದು ಇಲ್ಲೇ, ಮಿನೆಸೋಟ ವಿಶ್ವವಿದ್ಯಾಲಯದವರು, 2008ರಲ್ಲಿ. ಅಪ್ಪ ಅಮ್ಮ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ಮರಿಗೆ ತೊಂದರೆ. ತಂದೆ ತಾಯಿ ನಾಯಿಗಳ ಪರೀಕ್ಷೆಯ ಕಾಗದ ತೋರಿಸಿ ಅಂತ ಕೇಳಬೇಕು. ತೋರಿಸದವರ ಹತ್ತಿರ ಮರಿ ಎಷ್ಟೇ ಮುದ್ದಾಗಿರಲಿ, ಎದ್ದು ಬರಬೇಕು. ಕಷ್ಟ, ಗೊತ್ತು.

ಏಳು ವಾರದ ಮರಿಗೆ ಮೊದಲ ಪಾಠ ನಮ್ಮ ಮನೆಯ ಓಣಿಯಲ್ಲಿ, ಅಂದರೆ ಮಲಗುವ ಕೋಣೆಗಳ ಮಧ್ಯದ ಉದ್ದನೆ ಜಾಗದಲ್ಲಿ. ಎಲ್ಲ ಬಾಗಿಲು ಮುಚ್ಚಿ ಒಂದು ತುದಿಯಲ್ಲಿ ಕೂತು ಕಾಲುಚೀಲ ಸುತ್ತಿ ಎಸೆಯುವುದು. ಮರಿ ಓಡಿ ಎತ್ತಿಕೊಳ್ಳುತ್ತದೆ. ಆಮೇಲೆ ಹೋಗಲು ಎಲ್ಲಿಗೂ ದಾರಿ ಇಲ್ಲ, ನನ್ನ ಹತ್ತಿರವೇ ಬರಬೇಕು. ದಿನಕ್ಕೆ ಎರಡು ಮೂರು ಸಲ ಅಷ್ಟೇ, ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸು ಅಂತ ಅಜ್ಜ ಹೇಳಿದ್ದರು. ನಾನು ಇಪ್ಪತ್ತು ಸಲ ಎಸೆದೆ. ಮಜಾ ಬರುತ್ತಿತ್ತು, ಏನು ಮಾಡಲಿ? ಎರಡನೇ ವಾರದಲ್ಲಿ ಎಳ್ಳು ಕಾಲುಚೀಲ ನೋಡಿ ಆಕಳಿಸಿದಳು. ಎಂಟು ದಿನ ಎಲ್ಲ ಬಂದ್ ಮಾಡಿದ ಮೇಲೆ ಸರಿಹೋಯಿತು.

ಹಲ್ಲು ಬೀಳುವ ಕಾಲದಲ್ಲೂ, ಅಂದರೆ ನಾಲ್ಕರಿಂದ ಆರು ತಿಂಗಳು, ಎಸೆಯುವುದನ್ನು ಬಿಡಬೇಕು. ಬಾಯಿ ನೋಯುತ್ತಿರುವಾಗ ಹಿಡಿಸಿದರೆ ಹಿಡಿಯುವುದೇ ಬೇಸರವಾಗುತ್ತದೆ. ನೀರಿಗೆ ಎಂದೂ ಎತ್ತಿ ಹಾಕಬಾರದು. ಜುಲೈ ತಿಂಗಳ ಬೆಚ್ಚಗಿನ ಕೆರೆಯಲ್ಲಿ ನಾನೇ ಮೊಣಕಾಲುವರೆಗೆ ಇಳಿದು ನಿಂತೆ, ಅವಳೇ ಹಿಂದೆ ಬಂದಳು. ಆಗಸ್ಟಿನಲ್ಲಿ ಒಂದೊಂದು ಕೆರೆ ಹಸಿರು ಬಣ್ಣ ಕಲೆಸಿದ ಹಾಗೆ ಆಗುತ್ತದೆ. ಆ ಪಾಚಿಯ ವಿಷಕ್ಕೆ ಇಲ್ಲಿ ನಾಯಿಗಳು ಸತ್ತಿವೆ. ಅನುಮಾನ ಬಂದರೆ ಕಾರಿನಿಂದ ಇಳಿಸುವುದೇ ಇಲ್ಲ.

ಬಂದೂಕಿನ ಸದ್ದಿನ ವಿಷಯಕ್ಕೆ ಮಾತ್ರ ಅಜ್ಜ ನನ್ನನ್ನು ನಂಬಲಿಲ್ಲ, ತಾವೇ ಮುಂದೆ ನಿಂತು ಮಾಡಿಸಿದರು. ಸದ್ದಿಗೆ ಹೆದರುವ ನಾಯಿಗಳು ಹೆಚ್ಚಿನವು ಹುಟ್ಟಿನಿಂದ ಹಾಗಿರುವುದಿಲ್ಲ, ಮನುಷ್ಯರು ಮಾಡಿದ್ದು ಅಂತ ಅವರ ಲೆಕ್ಕ. ಎಳ್ಳು ವರ್ಷದವಳಾದಾಗ ಒಂದು ಬಯಲಿನಲ್ಲಿ ನೂರು ಗಜ ದೂರ ನಿಂತು ಖಾಲಿ ಮದ್ದಿನ ಪಿಸ್ತೂಲು ಹಾರಿಸಿ, ಅದೇ ಹೊತ್ತಿಗೆ ಬಂಪರ್ ಮೇಲಕ್ಕೆ ಎಸೆದರು. ಬಂಪರ್ ಅಂದರೆ ಸೌತೆಕಾಯಿ ಗಾತ್ರದ ಪ್ಲಾಸ್ಟಿಕ್ ತುಂಡು, ತುದಿಗೆ ಒಂದು ಹಗ್ಗ. ಅವಳ ಕಣ್ಣೆಲ್ಲ ಬಂಪರಿನ ಮೇಲೆ, ಸದ್ದು ಕೇಳಿತೋ ಇಲ್ಲವೋ. ದಿನ ದಿನ ಸ್ವಲ್ಪ ಸ್ವಲ್ಪ ಹತ್ತಿರ. ಮೂರು ವಾರದಲ್ಲಿ ಢಂ ಅಂದರೆ ಆಕಾಶ ನೋಡುವುದು ಅಭ್ಯಾಸವಾಯಿತು. ದೀಪಾವಳಿಯ ಪಟಾಕಿಗೆ ಇವಳು ಖುಷಿಯಿಂದ ಅಂಗಳಕ್ಕೆ ಓಡಿಬಂದು ಯಾವ ಬಾತು ಬಿತ್ತು ಅಂತ ಹುಡುಕುತ್ತಾಳೆ.

ಬಂಪರಿನ ಬಣ್ಣದ್ದೂ ಒಂದು ತಮಾಷೆ ಇದೆ. ಅಂಗಡಿಯಲ್ಲಿ ನಾನು ಎದ್ದು ಕಾಣುವ ಕಿತ್ತಳೆ ಬಣ್ಣದ್ದು ಅರ್ಧ ಡಜನ್ ತಂದಿದ್ದೆ. ಹುಲ್ಲಿನಲ್ಲಿ ಎಸೆದರೆ ಎಳ್ಳು ಅದರ ಪಕ್ಕದಲ್ಲೇ ಹಾದುಹೋಗುತ್ತಾಳೆ! ಮೂಗಿಗೆ ವಾಸನೆ ಬಂದರೆ ಮಾತ್ರ ನಿಲ್ಲುತ್ತಾಳೆ. ನಾಯಿಯ ಕಣ್ಣಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ಕಿತ್ತಳೆ ಬಣ್ಣ ಒಣಹುಲ್ಲಿನ ಹಾಗೆ ಮಂಕಾಗಿ ಕಾಣುತ್ತದೆ. ಬಿದ್ದದ್ದನ್ನು ನೋಡಿ ನೆನಪಿಟ್ಟುಕೊಳ್ಳುವ ಅಭ್ಯಾಸಕ್ಕೆ ಬಿಳಿಯದು ಬೇಕು. ಕಿತ್ತಳೆ ಬೇಕಾಗುವುದು ಮುಂದಿನ ಕ್ಲಾಸಿಗೆ, ನಾಯಿ ನೋಡದೇ ಇದ್ದ ಹಕ್ಕಿಯ ಕಡೆ ಸೀಟಿ ಮತ್ತು ಕೈಸನ್ನೆಯಿಂದಲೇ ಅದನ್ನು ಕಳಿಸುವ ಪಾಠಕ್ಕೆ. ಅಲ್ಲಿ ಅದು ಎಲ್ಲಿದೆ ಅಂತ ನಮಗೆ ಕಂಡರೆ ಸಾಕು. ಆ ಪಾಠದಲ್ಲಿ ನಾವಿನ್ನೂ ಒಂದನೇ ಕ್ಲಾಸು, ಅದರ ಬಗ್ಗೆ ದೊಡ್ಡ ಮಾತು ಬೇಡ.

ಹೀಗೆ ಒಂದೂವರೆ ವರ್ಷ ಕಳೆದು ಮೊದಲ ಅಕ್ಟೋಬರ್ ಬಂತು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಹೊಡೆಯಬಹುದು ಅಂತ ನಿಯಮ. ಅದಕ್ಕೆ ನಾಲ್ಕು ಗಂಟೆಗೇ ಎದ್ದು, ಎದೆಯವರೆಗಿನ ರಬ್ಬರ್ ಪ್ಯಾಂಟು ಹಾಕಿಕೊಂಡು, ಹಕ್ಕಿಗಳನ್ನು ಸೆಳೆಯಲು ಪ್ಲಾಸ್ಟಿಕ್ ಬಾತುಗಳನ್ನು ಕತ್ತಲಲ್ಲಿ ನೀರಿಗೆ ಬಿಟ್ಟು, ಜೊಂಡಿನ ಮಧ್ಯೆ ಕೂತೆವು. ಅಜ್ಜ ಹೊಡೆದ ಮೊದಲ ಎರಡು ಬಾತನ್ನು ಎಳ್ಳು ತಂದಳು, ದಡದಲ್ಲಿ ಬೀಳಿಸಿದಳು, ನಾನು ಬಗ್ಗಿ ಎತ್ತಿಕೊಂಡೆ. ನನಗೇನೂ ತಪ್ಪು ಕಾಣಲಿಲ್ಲ. ಸಣ್ಣ ವಿಷಯ ಅಲ್ವಾ? ಮೂರನೆಯದು ಗಂಡು ಮಲಾರ್ಡ್. ಹಸಿರು ತಲೆ, ರೆಕ್ಕೆಗೆ ಮಾತ್ರ ಪೆಟ್ಟಾಗಿತ್ತು, ಜೀವ ಇತ್ತು. ಎಳ್ಳು ಅರವತ್ತು ಗಜ ಈಜಿ ಹಿಡಿದು ತಂದಳು. ನೀರಿನಿಂದ ಕಾಲು ಮೇಲಿಡುತ್ತಿದ್ದಂತೆ ಬಾತನ್ನು ಕೆಳಗಿಟ್ಟು, ಮೂಗಿನಿಂದ ಬಾಲದವರೆಗೆ ಮೈ ಕೊಡವಿದಳು. ಅಷ್ಟೇ ಹೊತ್ತು ಸಾಕಾಯಿತು. ಬಾತು ಹಿಂದಕ್ಕೆ ಜಾರಿ ನೀರಿಗೆ ಇಳಿಯಿತು, ಮುಳುಗಿತು. ಮತ್ತೆ ಏಳಲೇ ಇಲ್ಲ. ಗಾಯವಾದ ಬಾತು ಜೊಂಡಿನ ಬುಡದಲ್ಲಿ ಕೊಕ್ಕಿನ ತುದಿ ಮಾತ್ರ ಮೇಲಿಟ್ಟು ಅಡಗಿಕೊಳ್ಳುತ್ತದೆ ಅಂತ ಅಜ್ಜ ಹೇಳಿದರು. ನಾವು ಮೂವರೂ ಒಂದು ಗಂಟೆ ಹುಡುಕಿದೆವು. ಸಿಗಲಿಲ್ಲ.

ಹೊಡೆದ ಹಕ್ಕಿಯನ್ನು ಹುಡುಕಲು ಕೈಲಾದಷ್ಟು ಪ್ರಯತ್ನ ಮಾಡಲೇಬೇಕು ಅಂತ ಇಲ್ಲಿ ಕಾನೂನೇ ಇದೆ. ಒಬ್ಬರಿಗೆ ದಿನಕ್ಕೆ ಆರು ಬಾತು ಮಿತಿ. ಅಜ್ಜ ಆ ಸಿಗದ ಬಾತನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಅವತ್ತು ಐದಕ್ಕೇ ನಿಲ್ಲಿಸಿದರು. ನನಗೆ ಬೈಯಲಿಲ್ಲ. ಕಾರಿನಲ್ಲಿ ಬರುವಾಗ ರೇಡಿಯೋ ಹಾಕಲಿಲ್ಲ, ಅಷ್ಟೇ. ನಾಯಿ ಇರುವುದೇ ಒಂದು ಹಕ್ಕಿಯೂ ಸುಮ್ನೆ ನರಳಿ ಸಾಯದಿರಲಿ ಅಂತ. ನಮ್ಮ ನಾಯಿ ತಂದು ಕಳೆದಿತ್ತು.

ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಪಾಠ. ಬಾಯಲ್ಲಿ ಹಿಡಿದುಕೊಂಡಿರುವುದನ್ನು ಕಲಿಸಲು ಅಮೆರಿಕದಲ್ಲಿ ಒಂದು ಒರಟು ಪದ್ಧತಿ ಇದೆ. ಕಿವಿಯನ್ನು ಉಗುರಿನಿಂದ ಒತ್ತುತ್ತಾರೆ, ಬಂಪರ್ ಬಾಯಿಗೆ ಬಂದ ತಕ್ಷಣ ಬಿಡುತ್ತಾರೆ. ಅಜ್ಜನ ಐದೂ ನಾಯಿ ಹಾಗೇ ಕಲಿತದ್ದು. ಇಂಗ್ಲೆಂಡಿನಲ್ಲಿ ಹೆಚ್ಚಿನವರು ಹಾಗೆ ಮಾಡುವುದಿಲ್ಲ, ಅಲ್ಲೂ ನಾಯಿಗಳು ಚೆನ್ನಾಗೇ ತರುತ್ತವೆ ಅಂತ ನಾನು ವಾದಿಸಿದೆ. ಅಜ್ಜ ನಕ್ಕು ಸುಮ್ಮನಾದರು. ನಿಜ ಹೇಳಬೇಕೆಂದರೆ ಅವರ ನಾಯಿಗಳು ನನ್ನದಕ್ಕಿಂತ ಬೇಗ ಕಲಿತವು, ಗಟ್ಟಿಯಾಗೂ ಕಲಿತವು. ಆದರೂ ಎಳ್ಳುವಿನ ಕಿವಿ ಹಿಡಿಯಲು ನನ್ನ ಕೈ ಬರಲಿಲ್ಲ. ಇದು ತತ್ವ ಅಲ್ಲ, ಪುಕ್ಕಲುತನ ಇರಬಹುದು.

ನಾನು ಮಾಡಿದ್ದು ನಿಧಾನದ ದಾರಿ. ಮರದ ಒಂದು ಗುಂಡನೆ ತುಂಡನ್ನು ಬಾಯಲ್ಲಿಟ್ಟು, ಗದ್ದದ ಕೆಳಗೆ ಬೆರಳು ಮೆತ್ತಗೆ ಆನಿಸಿ ಹಿಡಿಯುವುದು. ಎರಡು ಸೆಕೆಂಡ್. ಬಿಡಿಸಿಕೊಳ್ಳುವುದು. ಚೂರು ಚೀಸ್. ಆಮೇಲೆ ಐದು ಸೆಕೆಂಡ್, ಹತ್ತು. ಆಮೇಲೆ ಹಿಡಿದುಕೊಂಡು ನಡೆಯುವುದು, ಮೆಟ್ಟಿಲು ಹತ್ತುವುದು.

ಇಲ್ಲಿ ಕನ್ನಡ ಕೈ ಕೊಟ್ಟಿತು. ನಾನು ಎಳ್ಳು ಜೊತೆ ಮೊದಲಿಂದ ಕನ್ನಡದಲ್ಲೇ ಮಾತಾಡುವುದು. ಬಾಯಲ್ಲಿ ಇಟ್ಟುಕೋ ಅನ್ನಲು 'ಹಿಡಿ', ಬಾಯಿಂದ ಬಿಡು ಅನ್ನಲು 'ಬಿಡು' ಅಂತ ಇಟ್ಟುಕೊಂಡೆ. ಎರಡು ವಾರ ಏನೂ ಆಗಲಿಲ್ಲ. ಹಿಡಿ ಅಂದರೆ ಬೀಳಿಸುತ್ತಾಳೆ, ಬಿಡು ಅಂದರೆ ಗಟ್ಟಿ ಕಚ್ಚುತ್ತಾಳೆ. ನಾಯಿ ಪೆದ್ದು ಅಂದುಕೊಂಡೆ. ಒಂದು ದಿನ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಎರಡೂ ಒಂದೇ ಥರ ಕೇಳಿಸುತ್ತೆ" ಅಂದಳು. ಹಿಡಿ, ಬಿಡು. ಜೋರಾಗಿ ಹೇಳಿ ನೋಡಿ! ಸರಿ, 'ಕೊಡು' ಅಂತ ಬದಲಾಯಿಸಿದೆ. ಅದರಲ್ಲೂ ಡ. 'ಹಿಡ್ಕೋ' ಮಾಡಿದರೆ 'ಕೂತ್ಕೋ' ಜೊತೆ ಕಲಸಿಹೋಗಿ ಬಂಪರ್ ಬೀಳಿಸಿ ಕೂತಳು. ಕೊನೆಗೆ ಉಳಿದದ್ದು: ಹಿಡಿ, ಕೂರು, ತಾ. 'ತಾ' ಅಂದರೆ ಬಾಯಿ ತೆಗೆಯಬೇಕು. ನಾಲ್ಕು ದಿನದಲ್ಲಿ ಕಲಿತಳು. ಪೆದ್ದ ಯಾರು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ.

ಇನ್ನು ಮೈ ಕೊಡವುವ ವಿಷಯ. ಒದ್ದೆಯಾದ ನಾಯಿ ಕೊಡವಲೇಬೇಕು, ಅದನ್ನು ನಿಲ್ಲಿಸಲು ಆಗುವುದಿಲ್ಲ. ಮೊದಲು ಕೊಡು, ಆಮೇಲೆ ಕೊಡವು ಅಂತ ಕ್ರಮ ಕಲಿಸಬೇಕು. ಊರಿಂದ ತಂದ ಒಂದು ತಾಮ್ರದ ಚೊಂಬಿತ್ತು. ಬಾಯಲ್ಲಿ ಬಂಪರ್ ಹಿಡಿದು ಕೂತ ಎಳ್ಳುವಿನ ಬೆನ್ನ ಮೇಲೆ ಬೆಚ್ಚಗಿನ ನೀರು ಒಂದೇ ಚೊಂಬು ಸುರಿಯುವುದು, 'ಹಿಡಿ' ಅನ್ನುವುದು. ಅವಳ ಭುಜದ ಹತ್ತಿರ ಚರ್ಮ ನಡುಗುತ್ತದೆ, ಕಿವಿ ಅಲ್ಲಾಡಲು ಶುರು, ಕಣ್ಣು ನನ್ನ ಕಡೆಗೇ, ಹೇಳಪ್ಪಾ ಬೇಗ ಅನ್ನೋ ಹಾಗೆ. 'ತಾ'. ಬಂಪರ್ ನನ್ನ ಕೈಗೆ ಬಂದ ಕ್ಷಣ ಇಡೀ ಗ್ಯಾರೇಜಿಗೆ ಮಳೆ. ಮಾರ್ಚ್ ಹೊತ್ತಿಗೆ ಮೂರು ಚೊಂಬಿನವರೆಗೆ ತಡೆದುಕೊಂಡಳು. ಮಂಜು ಕರಗಿ ಕೆರೆ ನೀರಾದ ಮೇಲೆ ನಾನು ನೀರಿನ ಒಳಗೇ ನಿಂತು, ಅವಳ ಕಾಲು ನೆಲಕ್ಕೆ ತಾಗುವ ಮೊದಲೇ ತೆಗೆದುಕೊಂಡೆ. ಪ್ರತಿ ವಾರ ಎರಡೇ ಅಡಿ ಹಿಂದಕ್ಕೆ ಸರಿದೆ. ಜೂನ್ ಕೊನೆಗೆ ದಡದ ಮೇಲೆ ಬಂದೆ. ಆಮೇಲೆ ಬಂಪರ್ ಬದಲು ಫ್ರೀಜರಿನ ಬಾತು. ಕಾಯಿತುರಿ ಪ್ರಕರಣ ಆವಾಗಲೇ ಆದದ್ದು.

ಆಗಸ್ಟಿನಲ್ಲಿ ಎಕೆಸಿಯವರ, ಅಂದರೆ ಅಮೆರಿಕನ್ ಕೆನಲ್ ಕ್ಲಬ್ಬಿನವರ, ಜೂನಿಯರ್ ಹಂಟರ್ ಪರೀಕ್ಷೆಗೆ ಹೆಸರು ಕೊಟ್ಟೆ. ನೆಲದ ಮೇಲೆ ಎರಡು ಹಕ್ಕಿ, ನೀರಿನಲ್ಲಿ ಎರಡು, ಒಂದೊಂದಾಗಿ ತಂದು ಕೈಗೆ ಕೊಡಬೇಕು. ಇಂಥ ನಾಲ್ಕು ಪರೀಕ್ಷೆ ಪಾಸಾದರೆ ಹೆಸರಿನ ಕೊನೆಗೆ ಪದವಿ. ಆಜ್ಞೆ ಯಾವ ಭಾಷೆಯಲ್ಲಾದರೂ ಇರಲಿ, ತೀರ್ಪುಗಾರರಿಗೆ ಅಭ್ಯಂತರ ಇಲ್ಲ. ನೆಲದ ಎರಡೂ ಬಂಗಾರದ ಹಾಗೆ ಆಯಿತು. ನೀರಿನ ಮೊದಲನೆಯದೂ ಸರಿ. ಕೊನೆಯದು ತರುವಾಗ ಗಾಳಿ ಜೋರಾಗಿತ್ತು, ಹೊಸ ಕೆರೆ, ಹೊಸ ಜನ. ಎಳ್ಳು ದಡಕ್ಕೆ ಬಂದಳು, ನಿಂತಳು, ನನ್ನ ಮುಖ ನೋಡಿದಳು. ನಾನು 'ಹಿಡಿ' ಅನ್ನಬೇಕಿತ್ತು. ಪಕ್ಕದಲ್ಲಿ ತೀರ್ಪುಗಾರರು, ಹಿಂದೆ ಇಪ್ಪತ್ತು ಜನ, ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು 'ಬಿಡು ಬಿಡು, ಬಾ'. ಹೆದರಬೇಡ ಬಾ ಅನ್ನೋ ಅರ್ಥದಲ್ಲಿ, ನಾವು ಮನೆಯಲ್ಲಿ ಹೇಳುವ ಹಾಗೆ. ಅವಳು ಬಾತು ಕೆಳಗಿಟ್ಟಳು, ಚೆನ್ನಾಗಿ ಮೈ ಕೊಡವಿದಳು, ಬಾಲ ಅಲ್ಲಾಡಿಸುತ್ತಾ ಖಾಲಿ ಬಾಯಲ್ಲಿ ನನ್ನ ಹತ್ತಿರ ಬಂದಳು. ಮತ್ತೆ ಎಷ್ಟು ಕಳಿಸಿದರೂ ಎತ್ತಲಿಲ್ಲ. ಫೇಲು.

ಅವತ್ತು ಅವ್ವನಿಗೆ ಫೋನ್ ಮಾಡಿದಾಗ, "ನಾಯಿ ಫೇಲಾತೋ, ಮಾಸ್ತರು ಫೇಲಾದ್ರೋ?" ಅಂದಳು.

ಒಂದು ಅಡ್ಡಮಾತು. ನಾನು ಹೊಡೆಯದಿದ್ದರೂ ಪ್ರತಿವರ್ಷ ಡಕ್ ಸ್ಟಾಂಪ್ ಅನ್ನುವ ಸರ್ಕಾರಿ ಚೀಟಿ ಕೊಳ್ಳುತ್ತೇನೆ. 1934ರಿಂದ ಇರುವ ಪದ್ಧತಿ. ಹದಿನಾರು ತುಂಬಿದ ಬಾತು ಬೇಟೆಗಾರರೆಲ್ಲ ಕೊಳ್ಳಲೇಬೇಕು. 25 ಡಾಲರ್. ಡಾಲರಿಗೆ 98 ಸೆಂಟ್ ಜೌಗು ಪ್ರದೇಶ ಕೊಂಡು ಉಳಿಸಲು ಹೋಗುತ್ತದೆ. 1991ರಿಂದ ಬಾತು ಬೇಟೆಗೆ ಸೀಸದ ಚರೆಯೂ ಬಂದ್, ಉಕ್ಕು ಅಥವಾ ಬೇರೆ ವಿಷವಿಲ್ಲದ್ದು ಬಳಸಬೇಕು, ಯಾಕೆಂದರೆ ಕೆರೆ ತಳದ ಸೀಸದ ಚರೆ ನುಂಗಿ ಹಕ್ಕಿಗಳು ಸಾಯುತ್ತಿದ್ದವು. ಇದನ್ನೆಲ್ಲ ಹೇಳಿ ನಾನು ಬೇಟೆಯನ್ನು ಸಮರ್ಥಿಸುತ್ತಿಲ್ಲ. ಹಕ್ಕಿ ಬೀಳುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನಮ್ಮ ಕಡೆ ಕೆರೆಗೆ ಬರುವ ಸಲಿಕೆ ಕೊಕ್ಕಿನ ಬಾತು ಇಲ್ಲೂ ಬರುತ್ತದೆ, ಅದೇ ಜಾತಿ. ಅದು ಬಂದಾಗ ಅಜ್ಜ ಹೊಡೆಯದಿದ್ದರೆ ಸಾಕು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಗುರಿ ತಪ್ಪುತ್ತದೆ. ನಾನು ಕೆಮ್ಮಿದ್ದಕ್ಕೆ ಅಂತ ಅವರ ದೂರು.

ಕಳೆದ ಅಕ್ಟೋಬರ್. ಅದೇ ಜೌಗು, ಅದೇ ಜೊಂಡು. ಒಂದು ಮಲಾರ್ಡ್ ಬಿತ್ತು, ಮತ್ತೆ ಜೀವ ಇತ್ತು, ಈಜಲು ಶುರು ಮಾಡಿತು. ಎಳ್ಳು ಹೆಸರು ಕೂಗುವವರೆಗೆ ಕೂತಿದ್ದಳು, ಕೂಗಿದ ತಕ್ಷಣ ಹಾರಿದಳು. ಬಾತು ಎರಡು ಸಲ ಮುಳುಗಿತು. ಎರಡನೇ ಸಲ ಎದ್ದಾಗ ಅವಳ ಬಾಯಿ ಅಲ್ಲೇ ಇತ್ತು. ದಡದಲ್ಲಿ ಈ ಸಲ ತಪ್ಪಾಗಬಾರದು ಅಂತ ನಾನೇ ನೀರಿನ ಅಂಚಿಗೆ ಇಳಿದೆ. ಎರಡು ಹೆಜ್ಜೆ ಇಟ್ಟದ್ದೇ ತಡ, ಬಲಗಾಲು ಕೆಸರಿನಲ್ಲಿ ಮೊಣಕಾಲುವರೆಗೆ ಹೂತಿತು. ಎಳೆದರೆ ಎಡಗಾಲೂ ಹೋಯಿತು.

ಎಳ್ಳು ಬಂದಳು. ಕೆಸರಲ್ಲಿ ಕಂಬದ ಹಾಗೆ ನಿಂತ ನನ್ನನ್ನು ಒಂದು ಸಲ ನೋಡಿ, ಪಕ್ಕದಲ್ಲೇ ಹಾದು, ದಡ ಹತ್ತಿ, ನೇರ ಅಜ್ಜನ ಮುಂದೆ ಹೋಗಿ ಕೂತಳು. ಮೈಯೆಲ್ಲ ನೀರು ಸುರಿಯುತ್ತಿದೆ, ಭುಜದ ಚರ್ಮ ನಡುಗುತ್ತಿದೆ, ಬಾತು ಬಾಯಲ್ಲಿ ಭದ್ರ. ಅಜ್ಜ ಬಂದೂಕು ಖಾಲಿ ಮಾಡಿ ಪಕ್ಕಕ್ಕಿಟ್ಟು ಕೈ ಚಾಚಿದರು, ಬಾತಿನ ಕುತ್ತಿಗೆ ಹಿಡಿದರು, ಇಂಗ್ಲಿಷಿನಲ್ಲಿ ಬಿಡು ಅಂದರು. ಬಿಡಲಿಲ್ಲ. ಕೊಡು ಅಂದರು. ಇಲ್ಲ. ಐವತ್ತು ವರ್ಷದಲ್ಲಿ ಐದು ನಾಯಿಗೆ ಹೇಳಿದ ಪದಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿದರು, ಕೊನೆಗೆ ಪ್ಲೀಸ್ ಕೂಡ ಅಂದರು. ಎಳ್ಳು ಅವರ ಮುಖವನ್ನೇ ಮರ್ಯಾದೆಯಿಂದ ನೋಡುತ್ತಾ ಕೂತಿದ್ದಾಳೆ. ನನಗೆ ನಗು ತಡೆಯಲಾಗದೆ ಇನ್ನೂ ಎರಡು ಇಂಚು ಹೂತುಹೋದೆ.

"ತಾ!" ಅಂತ ಅಲ್ಲಿಂದಲೇ ಕೂಗಿದೆ.

ಬಾತು ಅಜ್ಜನ ಕೈಗೆ ಬಂತು. ಅವರು ಬಿಸಿ ಕಾಫಿಯ ಲೋಟದ ಮುಚ್ಚಳ ಹಾಕುವುದರೊಳಗೆ ಎಳ್ಳು ಮೈ ಕೊಡವಿದಳು.

ಮಾರನೇ ಶನಿವಾರ ಅವರ ಬಂದೂಕಿನ ಚೀಲದ ಮೇಲೆ ಮಾರ್ಕರಿನಲ್ಲಿ ಮೂರು ಕನ್ನಡ ಪದಗಳಿದ್ದವು, ಇಂಗ್ಲಿಷ್ ಅಕ್ಷರದಲ್ಲಿ. ನನ್ನ ಮಗಳ ಹತ್ತಿರ ಬರೆಸಿಕೊಂಡಿದ್ದರಂತೆ. ಓದಿ ತೋರಿಸಿದರು. 'ಹಿಡಿ' ಹೇಳಲು ಹೋಗಿ 'ಹೈಡಿ' ಆಯಿತು, 'ಕೂರು' ನಡೆಯುತ್ತದೆ. 'ತಾ' ಮಾತ್ರ ಅಚ್ಚುಕಟ್ಟು.